ನಿಲ್ಲದ ಕುದುರೆಗೆ ಸ್ಟೇಶನ್ ಬಿಲ್ಲೆ

ಆಗ ನನಗೆ ಹದಿನೈದು. ಅದಾಗಿ ಐವತ್ತೆರಡು ವರ್ಷವಾಯಿತು. ಆಮೇಲೆ ಮದುವೆಯಾಯಿತು, ಮಕ್ಕಳಾದವು, ಕೆಲವು ಉಳಿದವು, ಕೆಲವು ಹೋದವು. ಅದನ್ನೆಲ್ಲ ಬರೆಯಲು ಕೂತಿಲ್ಲ. ಒಂದು ಕುದುರೆಯ ವಿಷಯ ಬರೆಯಬೇಕಾಗಿದೆ.

ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಅಪ್ಪ ಟಾಂಗಾ ಹೊಡೆಯುತ್ತಿದ್ದ. ಅವ್ವ ಇರಲಿಲ್ಲ, ಅಣ್ಣತಮ್ಮಂದಿರೂ ಇರಲಿಲ್ಲ. ರೊಟ್ಟಿ ಬಡಿಯುವವಳೂ ನಾನೇ, ಲದ್ದಿ ಬಳಿಯುವವಳೂ ನಾನೇ. ನಮ್ಮ ಹಳೆಯ ಹೆಣ್ಣು ಕುದುರೆ ಸತ್ತ ಮೇಲೆ ಅಪ್ಪ ಹೈದರಾಬಾದ ಕಡೆಯ ವ್ಯಾಪಾರಿಯ ಹತ್ತಿರ ಕೆಂಪು ಬಣ್ಣದ ಗಂಡು ಕುದುರೆ ತಂದ. ವ್ಯಾಪಾರಿಗೆ ಕನ್ನಡ ಬರುತ್ತಿರಲಿಲ್ಲ. ಕೈ ಸನ್ನೆಯಲ್ಲೇ ಬಹಳ ಹೊಗಳಿ ಹೋದ. ಅದಕ್ಕೆ ಹೆಸರಿದ್ದರೆ ನಮಗೆ ಹೇಳಲಿಲ್ಲ, ನಾವೂ ಇಡಲಿಲ್ಲ.

ಕುದುರೆ ಗಟ್ಟಿಯಾಗಿತ್ತು. ಆದರೆ ನಿಲ್ಲುತ್ತಿರಲಿಲ್ಲ. ವಕೀಲರ ಹೆಂಡತಿಯೊಬ್ಬಳು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು ಕುದುರೆಯನ್ನು ಹೊಗಳುತ್ತಿದ್ದಳು. ಅಷ್ಟರಲ್ಲಿ ಟಾಂಗಾ ಹೊರಟೇಬಿಟ್ಟಿತು. ಆಕೆಯನ್ನು ಎತ್ತಿ ಕೂರಿಸಲು ಮೂವರು ಬೇಕಾದರು. ಆಮೇಲೆ ನಮ್ಮ ಓಣಿಯವರು ಗಂಟುಮೂಟೆ ಕಳಿಸುತ್ತಿದ್ದರೇ ಹೊರತು ತಾವು ಕೂರುತ್ತಿರಲಿಲ್ಲ. ಹಣೆಯ ಸುಳಿ ಕೆಟ್ಟದ್ದು ಎಂದು ಒಬ್ಬರು, ದೃಷ್ಟಿಯಾಗಿದೆ ಎಂದು ಇನ್ನೊಬ್ಬರು. ನಾನು ಎರಡನ್ನೂ ನಂಬಲಿಲ್ಲ. ಸುಳಿ ಕೆಟ್ಟದ್ದಾಗಿದ್ದರೆ ಇಡೀ ದಿನ ಕೆಟ್ಟದ್ದಿರಬೇಕು. ಇದು ಹಾಗಲ್ಲ. ಕಚ್ಚುತ್ತಿರಲಿಲ್ಲ, ಒದೆಯುತ್ತಿರಲಿಲ್ಲ. ಅಪ್ಪ ಬಾಯಿಗೆ ಬಂದಂತೆ ಬೈದರೆ ತಲೆ ಬಗ್ಗಿಸಿ ನಿಲ್ಲುತ್ತಿತ್ತು. ಮೈದಡವಿ ಮುದ್ದು ಮಾಡಿದರೆ ಹೊರಡುತ್ತಿತ್ತು. ಮುದ್ದು ಮಾಡಿದರೆ ಓಡುವ ಇದು ಎಂಥ ಪ್ರಾಣಿ ಎಂದು ನನ್ನ ತಲೆಯಲ್ಲಿ ಹುಳ ಬಿಟ್ಟಂತಾಗಿತ್ತು. ಕಪ್ಪು ಕೊಡೆ ಬಿಚ್ಚಿ ತೋರಿಸಿದೆ, ಹೆದರಲಿಲ್ಲ. ಕಿವಿಯ ಹತ್ತಿರ ಹಿಟ್ಟು ನಾದುವ ಪರಾತ ಬಡಿದೆ, ಸುಮ್ಮನೆ ನೋಡಿತು. ಮೈ ತಿಕ್ಕುವಾಗ ಎಲ್ಲಿ ಮುಟ್ಟಿದರೆ ಹೊರಡುತ್ತದೆ ಎಂದು ಕುತ್ತಿಗೆ, ಬೆನ್ನು, ಹೊಟ್ಟೆ ಎಲ್ಲ ಮುಟ್ಟಿ ನೋಡಿದೆ. ಒಮ್ಮೆ ಹೊರಡುತ್ತಿತ್ತು, ಇನ್ನೊಮ್ಮೆ ಅದೇ ಜಾಗ ಮುಟ್ಟಿದರೆ ಇಲ್ಲ.

ಮಳೆಗಾಲ ಮುಗಿದ ಮೇಲೆ ಟಾಂಗಾ ಕಮಿಟಿಯವರು ಮೈದಾನದಲ್ಲಿ ಪಂದ್ಯ ಇಡುತ್ತಿದ್ದರು. ವರ್ಷದ ಮೊದಲ ಪಂದ್ಯದಲ್ಲಿ ಪಾಸಾಗಿ ಮುಂದೆ ಬಂದ ಕೆಲವೇ ಕುದುರೆಗಳಿಗೆ ಸ್ಟೇಶನ್ ಬಿಲ್ಲೆ, ಅಂದರೆ ರೈಲ್ವೆ ಸ್ಟೇಶನ್ನಿನ ಮುಂದೆ ಟಾಂಗಾ ನಿಲ್ಲಿಸಲು ಬೇಕಾದ ಹಿತ್ತಾಳೆಯ ನಂಬರು ಸಿಗುತ್ತಿತ್ತು. ಹಳೆಯ ಕುದುರೆಯ ಬಿಲ್ಲೆ ಅದರ ಸಂಗಡವೇ ಹೋಗಿತ್ತು. ಈ ಸಲ ಸಿಗದಿದ್ದರೆ ಕುದುರೆಯನ್ನು ಕಲ್ಲಿನ ಗಾಡಿಯವರಿಗೆ ಕೊಟ್ಟು, ತಾನು ಹತ್ತಿ ಗಿರಣಿಗೆ ಹಮಾಲಿಗೆ ಹೋಗುತ್ತೇನೆ ಎಂದು ಅಪ್ಪ ಹೇಳಿದ. ಅಪ್ಪನ ಬೆನ್ನು ಹಮಾಲಿಯ ಬೆನ್ನಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಒಂದೇ ದಿನ ಮೂರು ಪರೀಕ್ಷೆ. ಮೊದಲು ಮೂರು ಸುತ್ತು ನಡಿಗೆಯಲ್ಲೇ ಹಾಕಿ, ಕಮಿಟಿಯವರ ಮುಂದೆ ನಿಂತು, ಗುಮಾಸ್ತ ನೂರು ಎಣಿಸುವ ತನಕ ಕದಲಬಾರದು. ಆಮೇಲೆ ಧಾರವಾಡ ರಸ್ತೆಯಲ್ಲಿ ಉಣಕಲ್ ಕೆರೆಯ ತನಕ ಓಡಿಸಿ, ನೀರು ಕುಡಿಸಿ ತಿರುಗಿ ಬರಬೇಕು. ಕೊನೆಗೆ ನೆಟ್ಟ ಗೂಟಗಳ ನಡುವೆ ಗಾಲಿ ತಾಗದಂತೆ ಹಾಯಬೇಕು. ಹಿಂದೆ ಗುಮಾಸ್ತ ತುಂಬಿದ ತಂಬಿಗೆ ಹಿಡಿದು ಕೂತಿರುತ್ತಾನೆ, ನೀರು ಚೆಲ್ಲಬಾರದು. ಅವನು ಇಳಿದು, ಮತ್ತೆ ಹತ್ತಿ, ಮತ್ತೆ ಇಳಿಯುವ ತನಕ ಕುದುರೆ ನಿಂತಿರಬೇಕು. ಟಾಂಗಾ ಹೊಡೆಯುವವನ ಸಂಗಡ ಕುದುರೆಯ ತಲೆ ಹಿಡಿಯಲು ಒಬ್ಬರಿಗೆ ಅವಕಾಶವಿತ್ತು. ಉಳಿದವರೆಲ್ಲ ಗಂಡಸರನ್ನು ತಂದಿದ್ದರು. ಅಪ್ಪನಿಗೆ ನಾನೇ ಇದ್ದೆ. ಕೆಲವರು ನಕ್ಕರು. ಹೆಣ್ಣುಮಗಳು ಹಿಡಿಯಬಾರದು ಎಂದು ಕಾಯಿದೆಯಲ್ಲಿ ಬರೆದಿಲ್ಲ ಎಂದು ಗುಮಾಸ್ತ ಹೇಳಿದ ಮೇಲೆ ಸುಮ್ಮನಾದರು.

ಮೂರು ಸುತ್ತು ಚೆನ್ನಾಗಿಯೇ ಹಾಕಿದೆವು. ನಿಲ್ಲಿಸಿದಾಗ ನಿಂತಿತು. ಗುಮಾಸ್ತ ಎಣಿಸತೊಡಗಿದ. ಕುದುರೆ ಕಿವಿ ಹಿಂದೆ ಮುಂದೆ ಆಡಿಸುತ್ತಿತ್ತು, ಬೆವರುತ್ತಿತ್ತು. ನಾನು ಅದರ ಕುತ್ತಿಗೆ ಸವರುತ್ತ ಸಮಾಧಾನ ಮಾಡುತ್ತಿದ್ದೆ. ನಲವತ್ತು ದಾಟಿತ್ತು. ನೋಡು, ಇವತ್ತು ನಿಂತಿದೆ ಎಂದು ನನಗೆ ಹಿಗ್ಗಾಯಿತು.

"ಛಲೋ, ಛಲೋ," ಅಂದೆ.

ನನ್ನನ್ನೂ ಎಳೆದುಕೊಂಡು ಹೊರಟಿತು. ಕಮಿಟಿಯವರ ಮೇಜು ಉರುಳಿತು, ಶಾಯಿ ಚೆಲ್ಲಿತು. ಅಪ್ಪ ಲಗಾಮು ಜಗ್ಗಿ ಮೈದಾನದ ಆ ತುದಿಯಲ್ಲಿ ನಿಲ್ಲಿಸಿದ. ಮೊದಲ ಪರೀಕ್ಷೆಗೆ ಸೊನ್ನೆ. ಇನ್ನೆರಡರಲ್ಲಿ ತಪ್ಪಿಲ್ಲದೆ ಬಂದರೆ ನೋಡೋಣ ಎಂದರು. ಅಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಓಟದಲ್ಲಿ ನಮಗೆ ಸಮನಾದವರು ಯಾರೂ ಇರಲಿಲ್ಲ. ಓಡು ಅಂದರೆ ಅದಕ್ಕೆ ಹಬ್ಬ. ನಾನು ಹಿಂದೆ ಕೂತು ಎರಡೂ ಕೈಯಿಂದ ಕಂಬಿ ಹಿಡಿದಿದ್ದೆ. ಮುಂದೆ ಹೊರಟ ನಾಲ್ಕು ಟಾಂಗಾ ದಾಟಿ ಎಲ್ಲರಿಗಿಂತ ಮೊದಲು ಕೆರೆ ಮುಟ್ಟಿದೆವು. ಅಪ್ಪ ಇಳಿದು ಕುದುರೆಗೆ ನೀರು ಕುಡಿಸುತ್ತಿದ್ದ. ಪಕ್ಕದ ಮರದ ಕೆಳಗೆ ಸಂತೆಯಿಂದ ಬಂದ ಒಂದು ಮುಸಲ್ಮಾನ ಕುಟುಂಬ ಬುತ್ತಿ ಬಿಚ್ಚಿ ಉಂಡು ಮುಗಿಸಿತ್ತು. ಮುದುಕಿ ಎದ್ದು ಸೀರೆ ಕೊಡವಿಕೊಂಡು, ಮಲಗಿದ್ದ ಮೊಮ್ಮಕ್ಕಳಿಗೆ "ಚಲೋ, ಚಲೋ" ಎಂದು ಕೂಗಿದಳು.

ಮಕ್ಕಳು ಏಳಲಿಲ್ಲ. ನಮ್ಮ ಕುದುರೆ ನೀರಿನಿಂದ ಮುಖ ಎತ್ತಿ ಹೊರಟಿತು. ಅಪ್ಪ ಮೊಣಕಾಲುದ್ದ ನೀರಿನಲ್ಲಿ ಅದರ ಹಿಂದೆ ಓಡಿದ.

ನಾನು ಟಾಂಗಾದಲ್ಲಿ ಕೂತೇ ಇದ್ದೆ. ಆಗ ತಿಳಿಯಿತು. ನಮ್ಮ ಕಡೆ ಛಲೋ ಅಂದರೆ ಒಳ್ಳೆಯದು, ಮುದ್ದು ಮಾಡುವಾಗ ತಾನಾಗಿ ಬಾಯಿಗೆ ಬರುವ ಮಾತು. ಅವರಲ್ಲಿ ಚಲೋ ಅಂದರೆ ನಡೆ. ಎರಡೂ ಮಾತು ಹುಟ್ಟಿದಾಗಿನಿಂದ ನನ್ನ ಕಿವಿಯ ಮೇಲೆ ಬಿದ್ದಿವೆ, ಓಣಿಯಲ್ಲಿ ಅರ್ಧ ಮನೆ ಅವರದು, ಅರ್ಧ ನಮ್ಮದು. ಆದರೂ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ. ಅವರ ಟಾಂಗಾದವರೂ ಕುದುರೆಗೆ ನಾಲಿಗೆಯಿಂದ ಟಕ್ ಟಕ್ ಅನ್ನುತ್ತಿದ್ದರೇ ಹೊರತು ಮಾತಾಡುತ್ತಿರಲಿಲ್ಲ. ಛ ಬೇರೆ, ಚ ಬೇರೆ ಎಂದು ಶಾಲೆಯವರು ಹೇಳುತ್ತಾರೆ. ನಾನು ಎರಡನೇ ಇಯತ್ತೆ ದಾಟಿಲ್ಲ. ಕುದುರೆ ಅಷ್ಟೂ ಹೋಗಿರಲಿಲ್ಲ.

ಅಪ್ಪ ಏದುಸಿರು ಬಿಡುತ್ತ ಹತ್ತಿದ. ಹೇಳಿದೆ. ಅವನು ನಂಬಲಿಲ್ಲ.

"ಬಿಸಲ ತಲಿಗೆ ಹತ್ತೇತೇನ ಬೇ ನಿನಗ?"

"ನಿಲ್ಲಿಸಿ ನೋಡಪ್ಪಾ. ಬೇಷ್ ಅಂತ ಅನ್ನು."

ನಿಲ್ಲಿಸಿ ಬೇಷ್ ಅಂದ. ನಿಂತೇ ಇತ್ತು. ಶಾಣ್ಯಾ ಅಂದ, ರಾಜಾ ಅಂದ. ನಿಂತೇ ಇತ್ತು. ನನ್ನ ಮುಖ ನೋಡಿ ಮೆಲ್ಲಗೆ ಛಲೋ ಅಂದ. ಹೊರಟಿತು. ಅಪ್ಪ ಮತ್ತೆ ನಿಲ್ಲಿಸಿದ, ಮತ್ತೆ ಅಂದ, ಮತ್ತೆ ಹೊರಟಿತು. ಹಿಂದಿನ ನಾಲ್ಕು ಟಾಂಗಾ ನಮ್ಮನ್ನು ದಾಟಿ ಹೋದವು. ನಮಗೆ ಖಬರಿಲ್ಲ. ನಡೆ ಎಂಬುದಕ್ಕೆ ಅವರ ಮಾತಾದರೆ, ನಿಲ್ಲು ಎಂಬುದಕ್ಕೂ ಅವರದೇ ಇರಬೇಕಲ್ಲ ಎಂದು ನನಗೆ ಹೊಳೆಯಿತು. "ಠೈರ್" ಅಂದೆ. ಮುಂದಿನ ಎರಡು ಕಾಲು ನೆಲಕ್ಕೆ ನೆಟ್ಟು ಎಷ್ಟು ಗಕ್ಕನೆ ನಿಂತಿತೆಂದರೆ ಅಪ್ಪ ಟಾಂಗಾದ ಮುಂದಿನ ಮೂಕಿಯ ಮೇಲೆ ಬಿದ್ದ. ಎದ್ದು ಮೊಣಕೈ ಉಜ್ಜಿಕೊಳ್ಳುತ್ತ, ಇದನ್ನು ಇಷ್ಟು ದಿನ ಸುಮ್ಮನೆ ಬೈದೆನಲ್ಲ ಎಂದ.

ಕಳೆದುಕೊಂಡ ಹೊತ್ತನ್ನು ಕುದುರೆಯೇ ಹಿಂದಕ್ಕೆ ತಂದಿತು. ಓಟದಲ್ಲಿ ಎರಡನೆಯವರಾಗಿ ಬಂದೆವು.

ಉಳಿದದ್ದು ಗೂಟದ ಪರೀಕ್ಷೆ. ಕುದುರೆಯ ಬಗ್ಗೆ ನನಗೆ ಈಗ ಹೆದರಿಕೆ ಇರಲಿಲ್ಲ, ಮಂದಿಯ ಬಾಯಿಯ ಬಗ್ಗೆ ಇತ್ತು. ನಮ್ಮ ಊರಿನವರು ಹತ್ತು ಮಾತಾಡಿದರೆ ಅದರಲ್ಲಿ ನಾಲ್ಕು ಛಲೋ. ನಾನು ಗುಮಾಸ್ತನ ಹತ್ತಿರ ಹೋದೆ. ರುಮಾಲು ಸುತ್ತಿದ, ತೆಳ್ಳಗಿನ, ಗತ್ತಿನ ಮನುಷ್ಯ. ತಂಬಿಗೆ ತುಂಬಿಸಿಕೊಳ್ಳುತ್ತಿದ್ದ.

"ನಮ್ಮ ಕುದರಿಗೆ ಛಲೋ ಅನಬ್ಯಾಡ್ರಿ ಕಾಕಾ," ಅಂದೆ.

"ಹಂಗಾರ ಕೆಟ್ಟ ಅನ್ನಲೇನವಾ?"

"ಕೆಟ್ಟ ಅಂದ್ರ ಅಡ್ಡಿಯಿಲ್ರಿ."

"ಎಲ್ಲಾರೂ ನಮ್ಮ ಕುದರೀನ ಹೊಗಳ್ರಿ ಅಂತ ಕೈ ಮುಗೀತಾರ. ನೀ ಒಬ್ಬಾಕಿ ನೋಡು."

ಕಾರಣ ಹೇಳಿದೆ. ಅವನು ನಗಲಿಲ್ಲ. ತಾನೂ ಹಿಂದೆ ಇಲ್ಲಿಂದ ಬದಲಿಯಾಗಿ ಬಳ್ಳಾರಿಗೆ ಹೋಗಿದ್ದಾಗ ಅಲ್ಲಿಯವರು ತನ್ನ ಮಾತಿಗೆ ಮಿಕಿಮಿಕಿ ನೋಡುತ್ತಿದ್ದರು, ಕುದುರೆಯದು ಏನು ತಪ್ಪು ಎಂದ. ಕಮಿಟಿಯ ಇಬ್ಬರಿಗೂ ಅವನೇ ಹೇಳಿದ. ಸುತ್ತ ನಿಂತ ಟಾಂಗಾದವರಿಗೆ ನಾನು ಹೇಳಿದೆ. ಬಿಲ್ಲೆಗೆ ನಮ್ಮ ಸಂಗಡ ಪೈಪೋಟಿ ಇದ್ದವರು ಅವರು. ಬೇಕಾದರೆ ಒಬ್ಬ ಕೂಗಬಹುದಿತ್ತು. ಯಾರೂ ಕೂಗಲಿಲ್ಲ. ಅದಕ್ಕೆ ಕಾರಣ ನನಗೆ ಇವತ್ತಿಗೂ ಗೊತ್ತಿಲ್ಲ. ಕುದುರೆ ಮಾತು ಕೇಳುತ್ತದೋ ಇಲ್ಲವೋ ಎಂದು ನೋಡುವ ಆಸೆ ಅವರಿಗೂ ಇದ್ದಿರಬೇಕು.

ಗೂಟಗಳ ನಡುವೆ ಅಪ್ಪ ನೂಲಿನಂತೆ ಹಾಯಿಸಿದ. ತಂಬಿಗೆಯ ನೀರು ಒಂದು ಹನಿ ಗುಮಾಸ್ತನ ಧೋತರದ ಮೇಲೆ ಬಿತ್ತು, ಅವನು ಅದನ್ನು ಕೈಯಿಂದ ಮುಚ್ಚಿಕೊಂಡ. ನಿಲ್ಲಿಸಿದೆವು. ನಾನು ಕುದುರೆಯ ತಲೆ ಹಿಡಿದೆ. ಗುಮಾಸ್ತ ಇಳಿದ, ಹತ್ತಿದ, ಮತ್ತೆ ಒಂದು ಕಾಲು ಕೆಳಗಿಟ್ಟ. ಮೈದಾನದಲ್ಲಿ ಅಷ್ಟು ಮಂದಿ ಇದ್ದು ಕೆಮ್ಮೂ ಇಲ್ಲ.

ಒಬ್ಬನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ರೈಲ್ವೆಯ ಬಿಳಿ ಸಾಹೇಬ. ಬಿಲ್ಲೆಯ ಕೊನೆಯ ಮಾತು ಅವನದು. ಹತ್ತೋ ಹನ್ನೆರಡೋ ಕನ್ನಡ ಶಬ್ದ ಕಲಿತಿದ್ದ, ಎಲ್ಲಿ ಸಂದು ಸಿಕ್ಕರೂ ಆಡುತ್ತಿದ್ದ. ಕುರ್ಚಿಯಿಂದ ಎದ್ದು, ಟೋಪಿ ಸರಿ ಮಾಡಿಕೊಂಡು, ಕೈ ಚಾಚಿ ನಮ್ಮ ಕಡೆ ಬಂದ.

"ಬಹಳ ಛಲೋ ಕುದರಿ," ಅಂದ.

ಕುದುರೆ ಬಲಗಾಲು ಎತ್ತಿತು. ಗುಮಾಸ್ತನ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ನೆಲದ ಮೇಲೆ.

"ಠೈರ್," ಅಂದೆ. ಗಟ್ಟಿಯಾಗಿಯೇ ಅಂದೆ.

ಎತ್ತಿದ ಕಾಲು ಇದ್ದಲ್ಲೇ ಇಳಿಯಿತು. ಸಾಹೇಬನೂ ನಿಂತುಬಿಟ್ಟ. ಅವನಿಗೆ ಆ ಮಾತು ಗೊತ್ತಿತ್ತು, ಅವನ ಅಡುಗೆಯವರು ಅದೇ ಮಾತಾಡುವವರು. ಒಂದು ಹುಡುಗಿ ತನಗೆ ಹಾಗೆ ಹೇಳಿದಳು ಎಂದು ಮುಖ ಕೆಂಪಾಯಿತು. ಗುಮಾಸ್ತ ತಂಬಿಗೆಯನ್ನು ನೆಲಕ್ಕಿಟ್ಟು ಇಂಗ್ಲೀಷಿನಲ್ಲಿ ಬಹಳ ಹೊತ್ತು ಏನೇನೋ ಹೇಳಿದ. ಸಾಹೇಬ ಕುದುರೆಯನ್ನು ನೋಡಿದ, ನನ್ನನ್ನು ನೋಡಿದ. ತಾನೇ ಇನ್ನೊಮ್ಮೆ ಛಲೋ ಅಂದ, ಮತ್ತೆ ತಾನೇ ಠೈರ್ ಅಂದ. ಕುದುರೆ ಒಂದು ಹೆಜ್ಜೆ ಹೋಗಿ ನಿಂತಿತು. ಅವನು ಎರಡು ಕೈಯಿಂದ ಹೊಟ್ಟೆ ಹಿಡಿದುಕೊಂಡು ನಕ್ಕ.

ಬಿಲ್ಲೆ ಕೊಟ್ಟರು, ಆದರೆ ಒಂದು ತಿಂಗಳ ಮಟ್ಟಿಗೆ. ಸ್ಟೇಶನ್ನಿಗೆ ರೈಲು ಬಂದಾಗ ಟಾಂಗಾದವನು ಸಾಮಾನು ತರಲು ಒಳಗೆ ಹೋಗುತ್ತಾನೆ, ಕುದುರೆ ಒಂದೇ ನಿಂತಿರುತ್ತದೆ, ಊರ ಮಂದಿಯೆಲ್ಲ ಅಲ್ಲೇ ಮಾತಾಡುತ್ತಾರೆ. ಹುಡುಗಿಯನ್ನು ಅಲ್ಲಿ ತಂದು ನಿಲ್ಲಿಸುವಂತಿಲ್ಲ ಎಂದೂ ಹೇಳಿದರು. ತಿಂಗಳಲ್ಲಿ ಒಂದು ಸಲ ತಾನಾಗಿ ಹೊರಟರೂ ಬಿಲ್ಲೆ ವಾಪಸ್.

ಊರಿನ ಬಾಯಿ ತಿದ್ದಲು ಆಗುವುದಿಲ್ಲ, ಕುದುರೆಯ ಕಿವಿ ತಿದ್ದಬೇಕು ಎಂದು ಅಪ್ಪನಿಗೆ ಹೇಳಿದೆ. ಆ ಕಿವಿಯನ್ನು ಒಬ್ಬ ಹೈದರಾಬಾದಿನಲ್ಲಿ ವರ್ಷಗಟ್ಟಲೆ ತಿದ್ದಿದ್ದಾನೆ, ನೀನು ತಿಂಗಳಲ್ಲಿ ಏನು ಮಾಡುತ್ತೀ ಎಂದ. ಅದೇ ನನಗೂ ನೋಡಬೇಕಾಗಿತ್ತು.

ಮರುದಿನ ಬೆಳಗ್ಗೆ ಲದ್ದಿ ಬಳಿದು, ನೆನೆಸಿದ ಕಡಲೆ ಉಡಿಯಲ್ಲಿ ತುಂಬಿಕೊಂಡು, ಕುದುರೆಯನ್ನು ಹಿತ್ತಲಿಗೆ ತಂದೆ. ಹಗ್ಗ ಸಡಿಲು ಬಿಟ್ಟು ಮುಂದೆ ನಿಂತು ಛಲೋ ಅಂದೆ. ಬಂತು. ಕಡಲೆ ಕೊಡದೆ ಮುಷ್ಟಿ ಮುಚ್ಚಿದೆ. ಹಿಂದಕ್ಕೆ ಒಯ್ದು ನಿಲ್ಲಿಸಿ ಮತ್ತೆ ಅಂದೆ. ಬಿಸಿಲು ಗೋಡೆ ಇಳಿಯುವ ತನಕ ಅದನ್ನೇ ಮಾಡಿದೆ. ಕೊನೆ ಕೊನೆಗೆ ಒಮ್ಮೆ ಕಾಲು ಎತ್ತಿ, ನನ್ನ ಮುಷ್ಟಿ ನೋಡಿ, ಅಲ್ಲೇ ಇಳಿಸಿತು. ಕೈಯಲ್ಲಿದ್ದಷ್ಟೂ ಕಡಲೆ ತಿನ್ನಿಸಿ, ಸಂಜೆಗೆ ಇನ್ನಷ್ಟು ನೆನೆಹಾಕಿ, ರೊಟ್ಟಿಗೆ ಹಿಟ್ಟು ನಾದಲು ಒಳಗೆ ಹೋದೆ.