ನಡುನೀರಿನ ಮೂರು ಪೆಟ್ಟು

ಶಕುನ, ಮುನ್ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ನಕ್ಕು ಎದ್ದು ಹೋಗುತ್ತಿದ್ದವಳು ನಾನು. ನನ್ನ ಕೆಲಸವೇ ಅಂಥದು. ವಿಮಾನ ನಡೆಸುವವರು ತಮ್ಮ ಕಣ್ಣು ಕಿವಿಗಿಂತ ಎದುರಿನ ಅಂಕಿಗಳನ್ನು ನಂಬಬೇಕು. ಈಗಲೂ ಅವನ್ನೇ ನಂಬುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ಅರಬ್ಬಿ ಸಮುದ್ರದ ಮೇಲೆ ನಡೆದದ್ದೊಂದು ಯಾವ ಲೆಕ್ಕಕ್ಕೂ ಹೊಂದಿಲ್ಲ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಸುರಪುರ ತಾಲ್ಲೂಕಿನಲ್ಲಿ, ಕೃಷ್ಣೆಯ ದಡದಲ್ಲಿ ನಮ್ಮ ಊರು. ಅಪ್ಪ ಬಿದಿರಿನ ಹರಗೋಲಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ. ಅವನಿಗೊಂದು ಪದ್ಧತಿ ಇತ್ತು, ಅವನ ಅಪ್ಪನಿಂದ ಬಂದದ್ದು. ನಡುನೀರು ದಾಟಿದ ಕೂಡಲೇ ಕೈಯಲ್ಲಿದ್ದ ಹುಟ್ಟಿನಿಂದ ಹರಗೋಲಿನ ಅಂಚಿಗೆ ಮೂರು ಸಲ ಬಡಿಯುತ್ತಿದ್ದ. ಇನ್ನು ಮುಂದಿನ ದಡವೇ ಹತ್ತಿರ, ಏನೇ ಆದರೂ ಹಿಂದಕ್ಕೆ ತಿರುಗುವುದಿಲ್ಲ ಎಂದು ಅದರ ಅರ್ಥ. ನಡುನೀರೆಂದರೆ ಹೊಳೆಯ ಅಗಲದ ಅರ್ಧವಲ್ಲ. ದಿನದಿನದ ಸೆಳವು ನೋಡಿ ಅಪ್ಪನೇ ಅದನ್ನು ತೀರ್ಮಾನಿಸಬೇಕು. ಎಂಟು ವರ್ಷದವಳಿದ್ದಾಗ ಒಮ್ಮೆ ನಾನೇ ಬಡಿಯಬೇಕೆಂದು ಹುಟ್ಟಿಗೆ ಕೈ ಹಾಕಿದೆ. ಅಪ್ಪ ಕೈ ಮೇಲೆ ಪಟ್ಟನೆ ಹೊಡೆದ. "ಹೆಣ್ಣಮಕ್ಕಳು ಬಡೀಬಾರದು, ಬಿಡು ಅದನ್ನ" ಅಂದ. ನನಗೆ ನೋವಿಗಿಂತ ಅವಮಾನವೇ ಹೆಚ್ಚಾಯಿತು, ಬಹಳ ವರ್ಷ ಮರೆಯಲಿಲ್ಲ.

ಮುಂದೆ ಸೇತುವೆಯಾಯಿತು. ಹರಗೋಲು ಮನೆಯ ಹಿತ್ತಲಲ್ಲಿ ಬೋರಲು ಬಿತ್ತು, ಅಪ್ಪ ಸುರಪುರದಲ್ಲಿ ಮೀನು ಮಾರತೊಡಗಿದ. ನಾನು ಶಹಾಪುರದ ಹಾಸ್ಟೆಲಿನಲ್ಲಿದ್ದು ಓದಿ, ಎಲ್ಲೆಲ್ಲೋ ಸುತ್ತಿ, ಕೊನೆಗೆ ಸಹಪೈಲಟ್ ಆದೆ. ಎರಡು ಎಂಜಿನ್ನಿನ ವಿಮಾನ ಸಮುದ್ರದ ಮೇಲೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ಮಿತಿಯಿದೆ. ಒಂದು ಎಂಜಿನ್ ಕೆಟ್ಟರೆ, ಉಳಿದದ್ದರ ಮೇಲೆ ಇಂತಿಷ್ಟು ಹೊತ್ತಿನಲ್ಲಿ ಯಾವುದಾದರೊಂದು ನಿಲ್ದಾಣ ಮುಟ್ಟುವಂತಿರಬೇಕು. ಹೊರಡುವ ಮೊದಲೇ ಗಾಳಿಯ ಲೆಕ್ಕ ಹಾಕಿ ನಾವೂ ಕಾಗದದ ಮೇಲೆ ಒಂದು ನಡುಬಿಂದುವನ್ನು ಗುರುತಿಸಿರುತ್ತೇವೆ. ಅದಕ್ಕೆ ಮೊದಲು ಕೆಟ್ಟರೆ ಹಿಂದಕ್ಕೆ, ದಾಟಿದ ಮೇಲಾದರೆ ಮುಂದಕ್ಕೆ. ಇದನ್ನು ಅಪ್ಪನಿಗೆ ಫೋನಿನಲ್ಲಿ ವಿವರಿಸಿದಾಗ, "ಇದನ್ನ ಕಲಿಯಾಕ ಅಷ್ಟು ದೂರ ಹೋಗಬೇಕಿತ್ತೇನವ್ವಾ?" ಅಂದಿದ್ದ.

ಆ ದಿನ ನಾವು ಕೊಲ್ಲಿಯ ಕಡೆ ಹೊರಟಿದ್ದೆವು. ಮಧ್ಯಾಹ್ನದ ಬಿಸಿಲು, ಕೆಳಗೆ ಬರೀ ನೀರು. ಇದ್ದಕ್ಕಿದ್ದಂತೆ ಟಕ್, ಟಕ್, ಟಕ್ ಎಂದು ಮೂರು ಪೆಟ್ಟು ಕೇಳಿಸಿದವು. ಕಟ್ಟಿಗೆಯಿಂದ ಬಿದಿರಿಗೆ ಬಡಿದ ಸದ್ದು. ನನ್ನ ಭ್ರಮೆ ಎನ್ನೋಣವೆಂದರೆ ಪಕ್ಕದಲ್ಲಿದ್ದ ಕ್ಯಾಪ್ಟನ್ ಕೂಡ ತಿರುಗಿ, ಬಾಗಿಲು ಬಡಿದವರು ಯಾರೆಂದು ಹೊರಗಿದ್ದ ಸಿಬ್ಬಂದಿಯನ್ನು ಕೇಳಿದರು. ಯಾರೂ ಬಡಿದಿರಲಿಲ್ಲ. ಅಭ್ಯಾಸಬಲದಿಂದ ಗಡಿಯಾರ ನೋಡಿದೆ. ನಮ್ಮ ಕಡೆಯ ಸಮಯ ಮೂರು ಗಂಟೆ ಹನ್ನೆರಡು ನಿಮಿಷ. ಕಾಗದದ ಪ್ರಕಾರ ನಡುಬಿಂದು ಇನ್ನೂ ಹತ್ತೊಂಬತ್ತು ನಿಮಿಷ ದೂರವಿತ್ತು.

ಸ್ವಲ್ಪ ಹೊತ್ತಿನಲ್ಲೇ ಎಡ ಎಂಜಿನ್ನಿನ ಎಣ್ಣೆಯ ಒತ್ತಡ ಕುಸಿಯಿತು. ಅದನ್ನು ನಿಲ್ಲಿಸಲೇಬೇಕಾಯಿತು. ಕ್ಯಾಪ್ಟನ್ ವಿಮಾನ ಹಿಂದಕ್ಕೆ ತಿರುಗಿಸಲು ಸಿದ್ಧರಾದರು, ಕಾಗದದಲ್ಲಿದ್ದದ್ದೂ ಅದೇ. ಗಾಳಿಯ ಲೆಕ್ಕ ಇನ್ನೊಮ್ಮೆ ನೋಡೋಣ ಎಂದೆ. ಹಾಗೆನ್ನಲು ಆ ಮೂರು ಪೆಟ್ಟು ಬಿಟ್ಟರೆ ನನ್ನ ಹತ್ತಿರ ಬೇರೆ ಕಾರಣವೇ ಇರಲಿಲ್ಲ. ನೋಡಿದರೆ, ಬಲವಾಗಿ ಬೀಸುತ್ತದೆಂದಿದ್ದ ಎದುರುಗಾಳಿ ಬಿದ್ದುಹೋಗಿತ್ತು. ಮುಂದಿನ ದಡವೇ ಹತ್ತಿರವಾಗಿತ್ತು. ಕ್ಯಾಪ್ಟನ್ ತಾವೂ ಲೆಕ್ಕ ಹಾಕಿ ನೋಡಿ, ಮುಂದಕ್ಕೇ ನಡೆಸಿದರು. ಸುರಕ್ಷಿತವಾಗಿ ಇಳಿದೆವು. ಹಿಂದಕ್ಕೆ ತಿರುಗಿದ್ದರೆ ಮುಳುಗುತ್ತಿದ್ದೆವು ಎಂದು ನಾನು ಹೇಳಲಾರೆ. ಆದರೆ ಒಂದೇ ಎಂಜಿನ್ ಉಳಿದಿರುವಾಗ, ನೀರಿನ ಮೇಲೆ ಹೆಚ್ಚಿಗೆ ಕಳೆಯುವ ಪ್ರತಿ ನಿಮಿಷವೂ ಭಯದ್ದೇ. ಇಳಿದ ಮೇಲೆ ನಿಜವಾದ ಗಾಳಿ ಹಿಡಿದು ಸಾವಕಾಶವಾಗಿ ಲೆಕ್ಕ ಹಾಕಿದೆ. ನಡುಬಿಂದು ದಾಟಿದ್ದು ಮೂರು ಗಂಟೆ ಹನ್ನೆರಡಕ್ಕೆ.

ಸಂಜೆ ಹೋಟೆಲಿನಿಂದ ಅಪ್ಪನಿಗೆ ಫೋನ್ ಮಾಡಿದೆ. ಎಂಜಿನ್ನಿನ ಸುದ್ದಿ ಎತ್ತಲಿಲ್ಲ. "ಅಪ್ಪಾ, ಮಧ್ಯಾಹ್ನ ಹರಗೋಲು ಬಡದಿಯೇನು?" ಎಂದಷ್ಟೇ ಕೇಳಿದೆ.

"ನಾ ಎಲ್ಲಿ ಬಡದೇನಿ? ಉಂಡು ಅಡ್ಡಾಗಿದ್ದೆ. ಹುಣಸಗಿಯ ಮೂರರ ಬಸ್ ಆಗಷ್ಟ ಹೋಗಿತ್ತು. ಹಿತ್ತಲದಾಗ ಮೂರು ಪೆಟ್ಟು ಕೇಳಿದ್ವು. ಎದ್ದು ಹೋಗಿ ನೋಡಿದೆ, ಹರಗೋಲ ಹತ್ರ ಯಾರೂ ಇರಲಿಲ್ಲ. ಇವತ್ತು ಸಮುದ್ರ ದಾಟಾಕ ಹೊಂಟಿದ್ದಿ, ನೀನ ಬಡದಿ ಅಂತ ತಿಳಕೊಂಡೆ."

"ಹೆಣ್ಣಮಕ್ಕಳು ಬಡೀಬಾರದು ಅಂದಿದ್ದೆಲ್ಲ?"

"ಆವಾಗ ಅಂದಿದ್ದೆ. ಈಗ ನಿನ್ನ ನಡುನೀರು ನಾ ಹ್ಯಾಂಗ ಬಡೀಲಿ? ನೀನ ಬಡೀಬೇಕು. ಚಲೋ ಬಡದಿ ಬಿಡು."

ಹೂಂ ಎಂದು ಫೋನ್ ಇಟ್ಟೆ. ಆ ಕ್ಯಾಪ್ಟನ್ ಈಗ ನಿವೃತ್ತರು. ಎಲ್ಲಾದರೂ ಸಿಕ್ಕರೆ, ಬಾಗಿಲು ಬಡಿದವರು ಯಾರೆಂದು ಗೊತ್ತಾಯಿತೇ ಎಂದು ಇಂದಿಗೂ ಕೇಳುತ್ತಾರೆ. ಗೊತ್ತಿಲ್ಲ. ಅಪ್ಪ ಬಡಿದಿರಲಿಲ್ಲ, ನಾನೂ ಬಡಿದಿರಲಿಲ್ಲ. ಅಪ್ಪನಿಗೆ ಮಾತ್ರ ಅದನ್ನು ಈವರೆಗೆ ಹೇಳಿಲ್ಲ.