ನಿಂತ ಜೀಪಿನಲ್ಲಿ ಒಂದು ಶನಿವಾರ

ಕಳೆದ ವಾರ ಶನಿವಾರ ಬೆಳಿಗ್ಗೆ ನಾನು, ನಮ್ಮ ಯಜಮಾನರು, ನಮ್ಮತ್ತೆ ಮೂವರೂ ನಮ್ಮ ಜೀಪು ಹತ್ತಿ ಬಹಳ ಹೊತ್ತು ಕೂತಿದ್ದೆವು. ಎಲ್ಲಿಗೂ ಹೋಗಲಿಲ್ಲ. ಎಂಜಿನ್ನೇ ಚಾಲೂ ಆಗಿರಲಿಲ್ಲ!

ಲೋಧಿ ಕಾಲೋನಿಯ ನಮ್ಮ ಗಲ್ಲಿ ನಿಮಗೆ ಗೊತ್ತಲ್ಲ (ಅದರ ಪುರಾಣ ಈ ಅಂಕಣದಲ್ಲಿ ಎಷ್ಟು ಸಲ ಕೇಳಿಲ್ಲ ನೀವು). ಬೇವಿನ ಮರದ ನೆರಳು, ಸಾಲು ಸರ್ಕಾರಿ ಕ್ವಾರ್ಟರ್ಸು, ಒಂದೊಂದು ಬಾಲ್ಕನಿಯಲ್ಲೂ ಒಂದೊಂದು ಜೊತೆ ಕಣ್ಣು. ಅಂಥ ಕಡೆ ಒಂದು ಸಂಸಾರ ಫೋಟೋ ತೆಗೆಸಿಕೊಳ್ಳುವವರ ಹಾಗೆ ನಿಂತ ಜೀಪಿನಲ್ಲಿ ಕೂತರೆ ಜನ ಬಿಡುತ್ತಾರೆಯೇ? ತರಕಾರಿ ಭಯ್ಯಾ ಗಾಡಿ ನಿಲ್ಲಿಸಿಯೇಬಿಟ್ಟ.

"ಭಾಭೀಜೀ, ಪೆಟ್ರೋಲ್ ಖತಮ್ ಹೋ ಗಯಾ ಕ್ಯಾ?"

ನಮ್ಮ ಹಿಂದೆ ಒಂದು ಚೀಲ ಅಕ್ಕಿ, ಗ್ಯಾಸ್ ಒಲೆ, ಕುಕ್ಕರು, ಎರಡು ಜಮಖಾನೆ, ಮೇಲಾಗಿ ಕಂಠಮಟ್ಟ ನೀರು ತುಂಬಿದ ಒಂದು ದೊಡ್ಡ ದಬರಿ. ನಾನು ಅವನಿಗೆ ಏನೆಂದು ಹೇಳಲಿ? ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಜೀಪಿನ ಅಡಿಯಿಂದ ದನಿ ಬಂತು.

"ಅಮ್ಮಾ, ಹಿಲ್ನಾ ಮತ್! ಅಜ್ಜಿ, ನೀವೂ ಅಲ್ಲಾಡಬೇಡಿ ಪ್ಲೀಸ್. ರೀಡಿಂಗ್ ತಗೋತಿದೀನಿ!"

ಅದು ನನ್ನ ಮಗಳು ಶಾಲಿನಿ. ಆಚೆಗೆ ಕಾಣುತ್ತಿದ್ದದ್ದು ಅವಳ ಎರಡು ಪಾದ ಮಾತ್ರ.

ಮೊದಲಿಂದ ಹೇಳುತ್ತೇನೆ ಕೇಳಿ.

ನಮ್ಮ ಯಜಮಾನರ ಇಲಾಖೆಯಲ್ಲಿ ಹಳೆಯ ಜೀಪುಗಳನ್ನು ಹರಾಜು ಹಾಕಿದರು. ಇವರು ಒಂದನ್ನು ಹಿಡಿದು ಮನೆಗೆ ತಂದರು. ನಾನು ಹಣೆ ಚಚ್ಚಿಕೊಂಡೆ. ಮಗಳು ಅದರ ಬಾನೆಟ್ಟಿಗೆ ಮುತ್ತು ಕೊಟ್ಟಳು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವ ಹುಡುಗಿ. ಅಂದಿನಿಂದ ದಿನಾ ಕಾಲೇಜಿಗೆ ಒಬ್ಬಳೇ ಅದರಲ್ಲೇ ಹೋಗಿಬರುತ್ತಾಳೆ. ಅಷ್ಟಕ್ಕೇ ಸುಮ್ಮನಿದ್ದಳೇ? ಜೀಪನ್ನು ಮೇಲಕ್ಕೆತ್ತಬೇಕು, ದೊಡ್ಡ ಟೈರು ಹಾಕಬೇಕು, ಕಲ್ಲುಬಂಡೆ, ಹಳ್ಳಕೊಳ್ಳ ಎಲ್ಲ ದಾಟಬೇಕು ಅಂತ ಹಟ ಹಿಡಿದಳು. ನಮ್ಮ ದಾರಿಯಲ್ಲಿ ಯಾವ ಹಳ್ಳಕೊಳ್ಳ ಮಾರಾಯರೇ? (ಮೆಟ್ರೋದವರು ಅಗೆದಿದ್ದನ್ನು ಬಿಟ್ಟು.)

ಮಾಯಾಪುರಿಯ ಗುಜರಿ ಅಂಗಡಿಗಳಲ್ಲಿ ಅಪ್ಪ ಮಗಳು ಸುತ್ತಿದ್ದೇ ಸುತ್ತಿದ್ದು. ಕೊನೆಗೆ ಜೀಪು ಮುಕ್ಕಾಲು ಗೇಣಿನಷ್ಟು ಮೇಲೆದ್ದಿತು. ನಮ್ಮತ್ತೆಗೆ ಹತ್ತಲು ಸ್ಟೂಲು ಬೇಕಾಯಿತು. ನೋಡಲು ಏನು ಗತ್ತು ಅಂತೀರಿ! ನನಗೂ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಆ ಖುಷಿ ಅರವತ್ತು ಕಿಲೋಮೀಟರ್ ಸ್ಪೀಡಿನವರೆಗೆ ಮಾತ್ರ. ಅರವತ್ತು ಮುಟ್ಟಿತೋ ಇಲ್ಲವೋ, ಅಡಿಯಿಂದ ಗಡಗಡ ನಡುಕ. ಸೀಟು ನಡುಗಿತು, ಕನ್ನಡಿ ನಡುಗಿತು, ನಾವೂ ನಡುಗಿದೆವು. "ನನ್ನ ಹಲ್ಲಿನ ಸೆಟ್ಟು ಕಳಚಿ ಕೈಗೆ ಬಂತಲ್ಲೇ!" ಅಂದರು ಅತ್ತೆ. ಮೆಕ್ಯಾನಿಕ್ಕು ಟೈರ್ ಬ್ಯಾಲೆನ್ಸ್ ಮಾಡಿಸಿ ಅಂದ. ಮಾಡಿಸಿದ್ದಾಯಿತು. ನಡುಕ ಜಪ್ಪಯ್ಯ ಅನ್ನಲಿಲ್ಲ.

"ಟೈರ್ ಅಲ್ಲ ಅಮ್ಮಾ, ಶಾಫ್ಟ್ ಆ್ಯಂಗಲ್ಲು" ಎಂದಳು ಶಾಲಿನಿ. ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಎರಡು ಕೈ ಚಾಚಿ ಪಾಠ ಶುರುಮಾಡಿದಳು. ಎಂಜಿನ್ನಿನ ಸುತ್ತನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸಲು ಜೀಪಿನ ಅಡಿಯಲ್ಲಿ ಉದ್ದನೆಯ ಶಾಫ್ಟ್ ಇರುತ್ತದೆ. ಅದರ ಎರಡೂ ತುದಿಗೆ ಒಂದೊಂದು ಕೀಲು. ಜೀಪನ್ನು ಎತ್ತಿದಾಗ ಶಾಫ್ಟ್ ಇಳಿಜಾರಾಗುತ್ತದೆ. ಆಗ ಈ ತುದಿಯ ಕೀಲು ಎಷ್ಟು ಬಾಗುತ್ತದೋ ಆ ತುದಿಯದೂ ಅಷ್ಟೇ ಬಾಗಬೇಕು. ಒಂದು ಕೊಡುವ ಕುಲುಕಾಟವನ್ನು ಇನ್ನೊಂದು ನುಂಗಿಕೊಳ್ಳಬೇಕು. ಹೆಚ್ಚುಕಮ್ಮಿಯಾದರೆ ಇಡೀ ಗಾಡಿ ನಡುಗುತ್ತದೆ. (ಗಂಡಹೆಂಡಿರ ವಿಷಯ ಹೇಳುತ್ತಿದ್ದಾಳೋ ಅಂದುಕೊಂಡೆ ನಾನು.)

ಸ್ಕೂಲಿನ ಕಾಲದ ಕಂಪಾಸ್ ಬಾಕ್ಸು ಅಟ್ಟದಿಂದ ಇಳಿಯಿತು. ಕೋನ ಅಳೆಯುವ ಪ್ಲಾಸ್ಟಿಕ್ ಪ್ರೊಟ್ರ್ಯಾಕ್ಟರಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ಟು ತೂಗುಬಿಟ್ಟು, ಅದನ್ನು ಹಿಡಿದು ಜೀಪಿನ ಅಡಿ ನುಸುಳಿದಳು. ಹಿಂದಿನ ಕೀಲು ಜಾಸ್ತಿ ಬಾಗಿದೆ ಎಂದು ಪತ್ತೆಹಚ್ಚಿದಳು. ಕಬ್ಬಿಣದ ಬೆಣೆ ಕಡೆಸಿ ತಂದು, ಹಿಂದಿನ ಆ್ಯಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ ಕೂರಿಸಿ ಕೋನ ಸರಿಮಾಡಿದಳು. ಒಬ್ಬಳೇ ವಸಂತ್ ಕುಂಜ್‌ವರೆಗೆ ಓಡಿಸಿಕೊಂಡು ಬಂದು, "ಅಮ್ಮಾ, ಮಕ್ಖನ್! ಏಕ್‌ದಮ್ ಮಕ್ಖನ್!" ಎಂದು ಕುಣಿದಳು. ಬೆಣ್ಣೆಯಂತೆ ನುಣ್ಣಗೆ ಓಡಿತಂತೆ.

ಸಂಜೆ ಎಲ್ಲರೂ ಅದರಲ್ಲೇ ಮುನಿರ್ಕಾಗೆ ಹೋದೆವು. ಅಲ್ಲಿ ನಮ್ಮ ಕಡೆಯ ಅಕ್ಕಿ, ಕರಿಬೇವು ಸಿಗುತ್ತದೆ. ಒಂದು ಮೂಟೆ ಹಾಕಿಕೊಂಡು ವಾಪಸು ಹೊರಟೆವು. ಅರವತ್ತು ಮುಟ್ಟಿತು. ಗಡಗಡಗಡ!

ನನಗೆ ಮೂಗಿನ ತುದಿಯಲ್ಲೇ ಕೋಪ. ಮನೆ ಸೇರುವ ತನಕವೂ ಕಾಯಲಿಲ್ಲ. "ಬರೋ ಭಾನುವಾರ ನಮ್ಮ ಕನ್ನಡದವರ ವನಭೋಜನ. ಬಿಸಿಬೇಳೆ ಭಾತಿನ ದಬರಿ ನಮ್ಮ ಜವಾಬ್ದಾರಿ. ದಮ್‌ದಮಾ ಕೆರೆವರೆಗೆ ನಡುಕ ಇಲ್ಲದೆ ಕರಕೊಂಡು ಹೋದ್ಯೋ, ಜೀಪು ನಿನ್ನದು. ಇಲ್ಲಾಂದ್ರೆ ಚಡ್ಢಾ ಸಾಹೇಬರ ಭಾವಮೈದುನ ಕೇಳ್ತಾನೇ ಇದ್ದಾನೆ, ಕೊಟ್ಟು ಕೈತೊಳ್ಕೋತೀನಿ" ಎಂದೆ. ಚಡ್ಢಾ ಸಾಹೇಬರು ನಮ್ಮ ಮೇಲಿನ ಮನೆಯವರು. ಅವರ ಭಾವಮೈದುನನಿಗೆ ನೋಯ್ಡಾದ ತನ್ನ ಫಾರ್ಮಿಗೆ ಇಂಥದೇ ಜೀಪು ಬೇಕಿತ್ತು. ಸೋಮವಾರ ಬಂದು ನೋಡಲಿ ಎಂದು ಅವತ್ತೇ ಹೇಳಿಯೂ ಬಿಟ್ಟೆ.

ಮಗಳು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಮುಖ ಮಾತ್ರ ಇಷ್ಟು ಚಿಕ್ಕದಾಯಿತು. ಕಾಲೇಜಿಗೆ ಹೋಗಿಬಂದು, "ನಾನೊಬ್ಬಳೇ ಇದ್ದಾಗ ಬಿಲ್ಕುಲ್ ನಡುಗಲ್ಲ, ಕ್ಯೋಂ?" ಎಂದು ತನಗೆ ತಾನೇ ಗೊಣಗುತ್ತಿದ್ದಳು. ನನಗೆ ಸಂಕಟವಾಯಿತು. ಆದರೂ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ನನ್ನದಲ್ಲ.

ಗುರುವಾರ ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ ಕೇಳಿದಳು: "ಅಮ್ಮಾ, ನಿನ್ನ ವೇಟ್ ಎಷ್ಟು?"

ಕೇಳುವ ಪ್ರಶ್ನೆಯೇ ಇದು? ಅತ್ತೆ ತಮ್ಮ ತೂಕವನ್ನು ಧೈರ್ಯವಾಗಿ ಹೇಳಿದರು. ಯಜಮಾನರು ಹೇಳಿದರು. ನಾನೂ ಹೇಳಿದೆ (ಸ್ವಲ್ಪ ರಿಯಾಯಿತಿ ಕೊಟ್ಟುಕೊಂಡು). ಅವಳು ಏನೇನೋ ಗುಣಿಸಿ ಭಾಗಿಸಿ, ತಲೆಯೆತ್ತಿ ನನ್ನನ್ನೇ ದಿಟ್ಟಿಸಿದಳು.

"ಅಮ್ಮಾ, ಸಚ್ ಬತಾವೋ."

"ಹೋಗೇ! ತೂಕ ತಗೊಂಡು ಏನು ಮಾಡ್ತೀಯ?"

"ಬೇಡ, ಲೆಕ್ಕಾನೇ ಬೇಡ. ಶನಿವಾರ ನೀವೆಲ್ಲ ಬಂದು ಕೂತ್ಕೊಳ್ಳಿ. ಸಾಮಾನೂ ಹಾಕಿ. ಖಾಲಿ ಗಾಡಿ ನಿಲ್ಲಿಸಿ ಆ್ಯಂಗಲ್ ಅಳೆದಿದ್ದೆ ನಾನು. ನೀವು ಕೂತರೆ ಹಿಂದಿನ ಸ್ಪ್ರಿಂಗು ತಗ್ಗುತ್ತೆ, ಕೋನ ಬದಲಾಗುತ್ತೆ. ಅದಕ್ಕೇ ನಡುಗ್ತಿದೆ!"

ಶನಿವಾರದ ಆ ತಮಾಷೆಗೆ ಕಾರಣ ಇದು. ದಬರಿಯ ನೀರೇ ಬಿಸಿಬೇಳೆ ಭಾತು ಅಂತ ತಿಳಿದುಕೊಳ್ಳಬೇಕಂತೆ. ಅತ್ತೆಯಂತೂ ಶಿಸ್ತಾಗಿ ಸೆಟೆದು ಕೂತಿದ್ದರು. "ಉಸಿರಾಡಬಹುದೇನೇ?" ಎಂದು ಒಂದೇ ಸಲ ಕೇಳಿದರು. ಸಾಕಾದಷ್ಟು ಹೊತ್ತು ಕೂರಿಸಿ, ಅಳೆದು, ಇಳಿಸಿದಳು. ಮಧ್ಯಾಹ್ನ ಹಳೆಯ ಬೆಣೆ ತೆಗೆದು, ಕಮ್ಮಿ ಓರೆಯ ಬೇರೆ ಬೆಣೆ ಕೂರಿಸಿದಳು. ಯಜಮಾನರು ಪಾನಾ ಎತ್ತಿಕೊಡುವ ಕೆಲಸಕ್ಕೆ. ನಾನು ಚಹಾ ಕೊಡಲು ಹೋದಾಗ ಕೇಳಿದೆ: "ಈಗ ಎರಡು ಥರಕ್ಕೂ ಸರಿಹೋಗುತ್ತೇನೆ? ಖಾಲಿಗೂ, ತುಂಬಿದ್ದಕ್ಕೂ?"

"ಇಲ್ಲ ಅಮ್ಮಾ. ಈ ಸ್ಪ್ರಿಂಗಲ್ಲಿ ದೋನೋಂ ನಹೀ ಹೋ ಸಕ್ತಾ. ಒಂದೇ ಚೂಸ್ ಮಾಡಬೇಕು. ನಿಮ್ಮೆಲ್ಲರ ಲೋಡಿಗೆ ಸೆಟ್ ಮಾಡಿದೀನಿ."

"ಮತ್ತೆ ದಿನಾ ಕಾಲೇಜಿಗೆ ಒಬ್ಬಳೇ ಹೋಗ್ತೀಯಲ್ಲ?"

"ಆವಾಗ ಸ್ವಲ್ಪ ನಡುಗುತ್ತೆ. ನಾನು ನಿಧಾನಕ್ಕೆ ಹೋಗ್ತೀನಿ. ಚಲ್ತಾ ಹೈ."

ಗ್ರೀಸು ಮೆತ್ತಿದ ಕೈಯಲ್ಲೇ ಲೋಟ ತೆಗೆದುಕೊಂಡು ಮತ್ತೆ ಜೀಪಿನ ಕಡೆ ತಿರುಗಿದಳು. ನಾನು ಒಳಗೆ ಬಂದು ಸುಮ್ಮಸುಮ್ಮನೆ ಪಾತ್ರೆ ಸದ್ದು ಮಾಡಿದೆ.

ಯೋಚಿಸಿ ನೋಡಿ. ನಾವು ಎಲ್ಲವನ್ನೂ ಖಾಲಿ ಇದ್ದಾಗಲೇ ತಾನೇ ಪರೀಕ್ಷೆ ಮಾಡುವುದು? ಕ್ವಾರ್ಟರ್ಸು ಅಲಾಟ್ ಆದಾಗ ಖಾಲಿ ರೂಮು ನೋಡಿ "ಎಷ್ಟು ದೊಡ್ಡದು!" ಅನ್ನುತ್ತೇವೆ. ಸಾಮಾನು ಇಳಿಸಿದ ಮೇಲೆ ಕಾಲಿಡಲು ಜಾಗ ಹುಡುಕುತ್ತೇವೆ. ಹೆಣ್ಣು ನೋಡುವ ದಿನ ಹುಡುಗ ಹುಡುಗಿ ಹಲ್ಲುಕಿರಿದು ಉಪ್ಪಿಟ್ಟು ತಿನ್ನುತ್ತಾರೆ. ಅತ್ತೆ, ಮಾವ, ಬಾಡಿಗೆ, ಟ್ರಾನ್ಸ್‌ಫರ್, ಮಗುವಿನ ಜ್ವರ ಎಲ್ಲ ಹತ್ತಿ ಕೂತಾಗ ಸಂಸಾರ ಹೇಗೆ ಓಡುತ್ತದೆಂದು ಯಾರು ಅಳೆದು ನೋಡುತ್ತಾರೆ? ಆಮೇಲೆ ನಡುಗಿತು, ನಡುಗಿತು ಅಂತ ಒಬ್ಬರ ಮೇಲೊಬ್ಬರು ಹಾಕುವುದು.

ಭಾನುವಾರ ಹೊರಟೆವು. ಈ ಸಲ ನಿಜವಾದ ಬಿಸಿಬೇಳೆ ಭಾತು. ಗುರ್‌ಗಾಂವ್ ದಾಟಿದ ಮೇಲೆ ರಸ್ತೆ ಬಿಡುವಾಯಿತು. ಎಲ್ಲರ ಕಣ್ಣೂ ಸ್ಪೀಡೋಮೀಟರಿನ ಮುಳ್ಳಿನ ಮೇಲೆ. ಐವತ್ತು. ಐವತ್ತೈದು. ನಾನು ಸೀಟಿನ ಕಂಬಿ ಹಿಡಿದುಕೊಂಡೆ. ಅರವತ್ತು. ಅರವತ್ತೈದು.

ಏನೂ ಇಲ್ಲ! ಎಂಜಿನ್ನಿನ ಸದ್ದು, ಗಾಳಿಯ ಸದ್ದು, ಅಷ್ಟೇ. ತಿರುಗಿ ನೋಡಿದರೆ ನಮ್ಮತ್ತೆ ಬಾಯಿ ತೆರೆದು ನಿದ್ದೆ ಹೋಗಿದ್ದರು, ಹಲ್ಲಿನ ಸೆಟ್ಟು ಇದ್ದ ಜಾಗದಲ್ಲೇ ಇತ್ತು. ಶಾಲಿನಿ ಸ್ಟೀರಿಂಗ್ ಹಿಡಿದು ನೆಟ್ಟಗೆ ಕೂತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು, ಅಪ್ಪ ನೋಡಿಯೂ ನೋಡದವರಂತೆ ಕಿಟಕಿಯ ಕಡೆ ತಿರುಗಿದರು.

ಕೆರೆಯ ದಂಡೆಯಲ್ಲಿ ದಬರಿ ಇಳಿಸಿದಾಗ ಮುಚ್ಚಳದ ಮೇಲೆ ಒಂದು ತೊಟ್ಟು ತುಪ್ಪವೂ ಚೆಲ್ಲಿರಲಿಲ್ಲ. "ಒಳ್ಳೆ ಮೆಕ್ಯಾನಿಕ್ ಸಿಕ್ಕಿದ್ದಾನೆ ನಿಮಗೆ, ನಂಬರ್ ಕೊಡಿ" ಎಂದರು ಯಾರೋ. "ನಂಬರ್ ಯಾಕೆ, ಅಲ್ಲೇ ಬಾಳೆಲೆ ಹಾಕ್ತಿದಾಳಲ್ಲ!" ಎಂದೆ. ಅವರು ನಂಬಲಿಲ್ಲ. ನಂಬದಿದ್ದರೆ ಅವರ ಕರ್ಮ. ಅವತ್ತು ನಾನು ಬೀಗಿದ್ದು ನೋಡಿ ಯಜಮಾನರಿಗೇ ನಾಚಿಕೆಯಾಯಿತಂತೆ. ಆಗಲಿ ಬಿಡಿ.

ಈ ಸಂಭ್ರಮದಲ್ಲಿ ಚಡ್ಢಾ ಸಾಹೇಬರ ಭಾವಮೈದುನನನ್ನು ಬೇಡವೆನ್ನಲು ಮರೆತೇಹೋಗಿತ್ತು. ಸೋಮವಾರ ನಾನು ಆಫೀಸಿನಿಂದ ಬರುವಷ್ಟರಲ್ಲಿ ಆಸಾಮಿ ಹಾಜರ್. ನಮ್ಮ ಯಜಮಾನರೋ, ದಾಕ್ಷಿಣ್ಯದ ಮುದ್ದೆ. ಬೀಗದ ಕೈ ಕೊಟ್ಟು, "ಒಂದು ರೌಂಡು ಓಡಿಸಿ ನೋಡಿ" ಅಂದುಬಿಟ್ಟಿದ್ದರು. ಆತ ಒಬ್ಬನೇ ಓಡಿಸಿಕೊಂಡು ಹೋಗಿ, ಮುಖ ಸಿಂಡರಿಸಿಕೊಂಡು ವಾಪಸು ಬಂದ. ಶಾಲಿನಿ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು.

"ಭಾಭೀಜೀ, ಸಾರಿ. ಸಾಠ್ ಪೆ ಬಹುತ್ ಕಾಂಪ್ತೀ ಹೈ" ಎಂದ. ಅರವತ್ತರಲ್ಲಿ ಬಹಳ ನಡುಗುತ್ತದಂತೆ!

ಬೀಗದ ಕೈ ಅವನ ಕೈಯಿಂದ ಕಿತ್ತುಕೊಂಡು ಮಗಳ ಅಂಗೈಯಲ್ಲಿಟ್ಟು ಹೇಳಿದೆ: "ನಿಮಗೆ ನಡುಗುತ್ತೆ ಭಾಯಿಸಾಬ್, ನಮಗೆ ನಡುಗೋದಿಲ್ಲ."