ಗಡಿಪಟ್ಟಿ ಮತ್ತು ಕಾಕುವಿನ ಸೌತೆಕಾಯಿ

ಕುಂಬಳದ ಹೂವು ಬೆಳಗಿನ ಹೂವು. ಸೂರ್ಯ ಮೇಲೇರುವ ಮೊದಲೇ ಅರಳಿ, ನಾನು ಸ್ನಾನ, ಸಂಧ್ಯಾವಂದನೆ ಮುಗಿಸಿ ಶಾಲೆಗೆ ಹೊರಡುವ ಹೊತ್ತಿಗೆ ಮುದುಡಿಬಿಡುವ ಈ ಹೂವಿನ ಸಲುವಾಗಿ ಇತ್ತೀಚೆಗೆ ನಾನು ಬೇಗ ಏಳುತ್ತೇನೆ. ಎದ್ದು, ನನ್ನ ಹೆಂಡತಿ ದೇವರ ದೀಪಕ್ಕೆಂದು ಹೊಸೆದಿಟ್ಟ ಬತ್ತಿಯೊಂದನ್ನು ಡಬ್ಬಿಯಿಂದ ಎತ್ತಿಕೊಂಡು, ಬೆಟಗೇರಿಯ ನಮ್ಮ ಹಿತ್ತಲಿಗೆ ಹೋಗಿ, ಅದರ ತುದಿಯನ್ನು ಗಂಡು ಹೂವಿನಲ್ಲಿ ಹೊರಳಿಸಿ, ಅಂಟಿದ ಹಳದಿ ಪರಾಗವನ್ನು ಹೆಣ್ಣು ಹೂವಿಗೆ ಸವರಿ ಬರುತ್ತೇನೆ. ಭ್ರಮರ, ಭೃಂಗ, ಮಧುಕರ, ಷಟ್ಪದ ಎಂದು ಒಂದೇ ಕೀಟದ ಹತ್ತು ಹೆಸರುಗಳನ್ನು ವರ್ಷವರ್ಷವೂ ಬಾಯಿಪಾಠ ಮಾಡಿಸಿ, ಮರೆತ ಹುಡುಗರ ಕಿವಿ ಹಿಂಡಿದ ಮಾಸ್ತರ ನಾನು. ಈಗ ಬೀದಿಯಲ್ಲಿ ಒಂದು ಪೊದೆಯೂ ಉಳಿಯದೆ ಆ ಭ್ರಮರದ ಜಾಗ ಖಾಲಿ ಬಿದ್ದಿರುವುದರಿಂದ, ಸಂಬಳವಿಲ್ಲದ ಬದಲಿ ನೌಕರನಾಗಿ ನಾನೇ ಸೇರಿಕೊಂಡಿದ್ದೇನೆ. ಕನ್ನಡಕ ಹಾಕಿ ಧೋತರ ಎತ್ತಿ ಕಟ್ಟಿದ ಈ ದ್ವಿಪದ ದುಂಬಿಯನ್ನು ಪಕ್ಕದ ಮನೆಯವರು ಗೋಡೆಯ ಮೇಲಿಂದ ನೋಡಿ ನಗುತ್ತಾರೆ. ನಗಲಿ.

ನೀವೂ ನಗಬಹುದು, ನನ್ನ ಅಭ್ಯಂತರವಿಲ್ಲ. ಆದರೆ ನಕ್ಕು ಮುಗಿದ ಮೇಲೆ ನನ್ನ ಜೊತೆ ಲಕ್ಷ್ಮೇಶ್ವರದ ಹತ್ತಿರದ ಅಡರಕಟ್ಟಿಯ ಕಡೆಗೆ ಸ್ವಲ್ಪ ಬನ್ನಿ. ಅಲ್ಲಿ ದೇವಸ್ಥಾನದ ಸೇವೆಗೆಂದು ಹಿಂದಿನವರಿಗೆ ಬಂದ ಒಂದಿಷ್ಟು ಎರೆ ಹೊಲ ನಮ್ಮ ಮನೆತನಕ್ಕಿದೆ. ಗುಡಿಯ ಪೂಜೆಯನ್ನೂ ಹೊಲದ ಉಸ್ತುವಾರಿಯನ್ನೂ ನೋಡಿಕೊಳ್ಳುವವರು ನಮ್ಮ ಕಾಕಾ, ಅಂದರೆ ನನ್ನ ತಂದೆಯ ತಮ್ಮ. ಇಂಗ್ರೇಜರ ಕಾಲದಲ್ಲಿ ಆ ಹೊಲದ ಒಂದು ಅಂಚು ರಾಜ್ಯದ ಅಂಚೂ ಆಗಿತ್ತು: ಈಚೆ ಸಂಸ್ಥಾನ, ಆಚೆ ಮುಂಬಯಿ ಸರಕಾರ. ನಡುವೆ ಎರಡು ಸಾಲು ಗಡಿಕಲ್ಲುಗಳು, ಆ ಕಲ್ಲುಗಳ ನಡುವೆ ಒಂದು ಬಂಡಿ ಆರಾಮವಾಗಿ ತಿರುಗುವಷ್ಟು ಅಗಲವಾಗಿ, ಕಣ್ಣು ಹೋಗುವಷ್ಟು ಉದ್ದಕ್ಕೆ ಬಿದ್ದುಕೊಂಡಿದ್ದ ನೆಲ. ಅದಕ್ಕೆ ಗಡಿಪಟ್ಟಿ ಎನ್ನುತ್ತಿದ್ದರು. ಈಚಿನವರು ಅದರಲ್ಲಿ ನೇಗಿಲಿಟ್ಟರೆ ಆಚಿನ ಕುಲಕರ್ಣಿಯ ಕಾಗದ ಬರುತ್ತಿತ್ತು, ಆಚಿನವರು ಇಟ್ಟರೆ ಈಚಿನವನದು. ಒಮ್ಮೆ ಕಾಕಾನ ಎಮ್ಮೆ ಅದರೊಳಗೆ ನುಗ್ಗಿ, ಆಚೆಯ ಕೊಂಡವಾಡದ ದೊಡ್ಡಿಯಲ್ಲಿ ಸೆರೆಯಾಗಿ, ಎರಡು ಸರಕಾರಗಳ ಪತ್ರವ್ಯವಹಾರ ಮುಗಿದು ಬಿಡುಗಡೆಯಾಗುವಷ್ಟರಲ್ಲಿ ಅಲ್ಲಿಯೇ ಕರು ಹಾಕಿತ್ತು. ಆ ಕರು ಯಾವ ಸರಕಾರದ ಪ್ರಜೆ ಎಂಬ ಜಿಜ್ಞಾಸೆ ಊರ ಕಟ್ಟೆಯ ಮೇಲೆ ಬಹಳ ದಿನ ನಡೆಯಿತು. ಅಂದಿನಿಂದ ಆ ಪಟ್ಟಿಯ ತಂಟೆಗೆ ಮನುಷ್ಯರೂ ಹೋಗಲಿಲ್ಲ, ದನಗಳನ್ನೂ ಬಿಡಲಿಲ್ಲ.

ಮನುಷ್ಯರು ಹೆದರಿ ಬಿಟ್ಟದ್ದನ್ನು ಮಿಕ್ಕ ಜೀವಗಳು ತಕರಾರಿಲ್ಲದೆ ಹಂಚಿಕೊಂಡವು. ತಂಗಡಿ ಗಿಡಗಳು ಬಂಗಾರದ ಬಣ್ಣದ ಹೂ ಹೊತ್ತು ನಿಂತವು. ತುಂಬೆ, ಉತ್ತರಾಣಿ, ಕಾರೆಕಂಟಿ, ಬಾರಿಗಿಡ ಎಲ್ಲ ಸೇರಿ ಕಾಲಿಡಲು ಜಾಗವಿಲ್ಲದಂತೆ ಬೆಳೆದವು. ಎಕ್ಕೆಯ ಎಲೆ ಮೇಯುವ ಪಟ್ಟೆಪಟ್ಟೆಯ ಹುಳು ಕೆಲದಿನ ಹಸಿರು ಮಣಿಯಾಗಿ ತೂಗಿ, ಆಮೇಲೆ ಕೇಸರಿ ರೆಕ್ಕೆ ಬಿಚ್ಚಿ ಹಾರುವುದನ್ನು ನಾನು ಮೊದಲು ಕಂಡದ್ದು ಅಲ್ಲಿಯೇ. ಒಣ ಟೊಂಗೆಯಲ್ಲಿ ಕರಿ ದುಂಬಿ ಮನೆ ಕೊರೆದಿತ್ತು, ಕಂಟಿಯೊಳಗೆ ಕೋಲುಜೇನು ತೂಗುತ್ತಿತ್ತು. ನೇಗಿಲು ಕಾಣದ ನೆಲದಲ್ಲಿ ಸಣ್ಣ ತೂತು ತೋಡಿಕೊಂಡು, ನನ್ನ ಅಮರಕೋಶಕ್ಕೂ ಹೆಸರು ಗೊತ್ತಿರದ ಎಷ್ಟೋ ನೊಣಗಳು ಸಂಸಾರ ಹೂಡಿದ್ದವು. ಮಳೆಗಾಲ ಮುಗಿಯುವ ಹೊತ್ತಿಗೆ ಹಳದಿ ಚಿಟ್ಟೆಗಳು ಆ ಪಟ್ಟಿಯಿಂದ ಎದ್ದು, ಸಂಸ್ಥಾನಕ್ಕೂ ಸರಕಾರಕ್ಕೂ ಸಮನಾಗಿ ಹೋಗಿಬರುತ್ತಿದ್ದವು.

ಆ ಪಟ್ಟಿಗೆ ಹತ್ತಿಕೊಂಡೇ ಬಾವಿ, ಬಾವಿಯ ಮಗ್ಗುಲಿಗೆ ಕಾಕಾನ ಹೆಂಡತಿಯ, ನಾವೆಲ್ಲ ಕಾಕು ಎಂದು ಕರೆಯುವಾಕೆಯ, ಬಳ್ಳಿಯ ಮಡಿ. ಸೌತೆ, ಹೀರೆ, ಕುಂಬಳ, ಅಂಚಿಗೆ ನಾಲ್ಕು ಸಾಲು ಗುರೆಳ್ಳು. ಕಾಕುವಿನ ಮುಳ್ಳುಸೌತೆಗೆ ನಮ್ಮ ಬಳಗದಲ್ಲೆಲ್ಲ ಹೆಸರು. ಗಿಡ್ಡ, ದಪ್ಪ, ಮೈತುಂಬ ಸಣ್ಣ ಮುಳ್ಳು. ಹೆಚ್ಚಿದರೆ ಪಡಸಾಲೆಯವರೆಗೆ ವಾಸನೆ. ಮುಂಡರಗಿಗೆ ಕೊಟ್ಟ ನಾದಿನಿಗೆ, ಶಿರಹಟ್ಟಿಯ ತವರಿಗೆ, ಗದಗಿನ ನಮಗೆ, ಯಾರು ಆ ಕಡೆಯಿಂದ ಹೊರಟರೂ ಅವರ ಕೈಯಲ್ಲಿ ಒಂದು ಚೀಲ ಬರುತ್ತಿತ್ತು. ಹೊಲ ಕಾಕಾನದು, ಜೋಳ ಕಾಕಾನದು, ದೇವಸ್ಥಾನದ ಮರ್ಯಾದೆಯೂ ಕಾಕಾನದು. ಇದು ನನ್ನದು ಎಂದು ಯಾರನ್ನೂ ಕೇಳದೆ ಕೊಡುವುದಕ್ಕೆ ಆಕೆಯ ಹತ್ತಿರ ಇದ್ದದ್ದು ಆ ಬಳ್ಳಿಯ ಮಡಿಯೊಂದೇ. ಅದನ್ನು ಆಕೆ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ, ಆದರೆ ಚೀಲ ಕೊಡುವಾಗ ಆಕೆಯ ಮುಖ ನೋಡಿದವರಿಗೆ ಹೇಳಬೇಕಾಗಿಯೂ ಇರಲಿಲ್ಲ.

ಸ್ವಾತಂತ್ರ್ಯ ಬಂತು, ಸಂಸ್ಥಾನ ಕರಗಿತು. ಹಳೆಯ ಹೆದರಿಕೆಯಿಂದ ಗಡಿಕಲ್ಲುಗಳು ಮಾತ್ರ ಇನ್ನೂ ಕೆಲ ವರ್ಷ ನಿಂತಿದ್ದವು. ಆಮೇಲೆ ಏಕೀಕರಣವೂ ಆಯಿತು. ಆ ದಿನ ಗದಗಿನ ಬೀದಿಗಳಲ್ಲಿ ಸಕ್ಕರೆ ಹಂಚಿದವರಲ್ಲಿ ನಾನೂ ಒಬ್ಬ. ಅಡರಕಟ್ಟಿಗೆ ಹೋಗಿ ಗುಡಿಯ ಮುಂದೆ ನಿಂತು ನಮ್ಮನ್ನು ಹೋಳುಹೋಳಾಗಿಸಿದ ಗೆರೆಗಳೆಲ್ಲ ಅಳಿದವೆಂದು ಗಂಟಲು ಕಟ್ಟುವವರೆಗೆ ಮಾತನಾಡಿಯೂ ಬಂದೆ. ಆ ಸಂತೋಷವನ್ನು ನಾನು ಇಂದಿಗೂ ಹಿಂದೆಗೆದುಕೊಂಡಿಲ್ಲ. ಆದರೆ ಗೆರೆ ಅಳಿಸುವವರು ಗೆರೆಯ ಮೇಲೆ ಯಾರು ಬದುಕಿದ್ದಾರೆಂದು ಒಮ್ಮೆ ಬಗ್ಗಿ ನೋಡಬೇಕಾಗಿತ್ತು. ಮುಂದಿನ ಬೇಸಿಗೆಯಲ್ಲಿ ಗಡಿಕಲ್ಲುಗಳು ಕಿತ್ತು ಬಂದು ಯಾರ್ಯಾರದೋ ಮನೆಯ ಮೆಟ್ಟಿಲಾದವು. ಪಟ್ಟಿಯನ್ನು ಎರಡೂ ಕಡೆಯವರು ಅರ್ಧರ್ಧ ಒತ್ತಿಕೊಂಡು ಶೇಂಗಾ ಬಿತ್ತುವುದೆಂದು ಮಾತಾಯಿತು.

ಸುದ್ದಿ ತಿಳಿದು ನಾನು ಲಕ್ಷ್ಮೇಶ್ವರದ ಬಸ್ಸು ಹಿಡಿದು ಓಡಿದೆ. ಹಾದಿಯಲ್ಲಿ ಸರಕಾರಿ ಕಚೇರಿಯೊಂದಕ್ಕೂ ಹೋಗಿ ಬಿನ್ನವಿಸಿಕೊಂಡೆ. ಅಲ್ಲಿಯ ಸಜ್ಜನರು ಚಹಾ ಕೊಟ್ಟು, ಚಿಟ್ಟೆ ಕೃಷಿ ಖಾತೆಗೆ ಬರುತ್ತದೆಯೋ, ಅರಣ್ಯ ಖಾತೆಗೋ, ಪಶುಗಳ ಖಾತೆಗೋ ಎಂದು ವಿನಯದಿಂದಲೇ ಕೇಳಿದರು. ಚಹಾ ಮುಗಿಸಿ ಎದ್ದು ಬಂದೆ. ಊರಲ್ಲಿ ಕಾಕಾ ಮತ್ತು ಆಚೆಯ ಹೊಲದ ಗೌಡರು ಗುಡಿಯ ಕಟ್ಟೆಯ ಮೇಲೆ ಕೂತಿದ್ದರು. ಪಟ್ಟಿ ಪೂರ್ತಿ ಬೇಡ, ಬಾವಿಯ ಮಗ್ಗುಲಿನ ಒಂದು ತುಂಡನ್ನಾದರೂ ಹಾಗೇ ಬಿಡಿ, ಹೂವಿಗೆ ಬರುವ ಹುಳಗಳು ಇರುವುದೇ ಅಲ್ಲಿ ಎಂದು ಕೇಳಿಕೊಂಡೆ.

"ಏನಲೇ, ಪಾತರಗಿತ್ತಿಗೆ ಇನಾಮು ಭೂಮಿ ಬಿಡಬೇಕೇನು?" ಎಂದರು ಕಾಕಾ.

ಗೌಡರು ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಮಾಸ್ತರ, ಗಡಿ ಹೋತು ಅಂತ ಇದ ಕಟ್ಟಿ ಮುಂದ ನಿಂತು ಭಾಷಣಾ ಮಾಡಿದವ್ರು ನೀವು. ಈಗ ಗಡಿ ಉಳಸ್ರಿ ಅಂತ ಬಂದೀರಿ. ಖರೆ ಯಾವುದು ಹೇಳ್ರಿ, ಅದನ್ನ ಮಾಡೂಣು."

 ಕಾಕು ಗುಡಿಯ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಆಕೆಯನ್ನು ಯಾರೂ ಕೇಳಲಿಲ್ಲ; ನನಗೂ ಕೇಳಬೇಕೆಂದು ಹೊಳೆಯಲಿಲ್ಲ.

ಮರುದಿನ ಬೆಂಕಿ ಹಚ್ಚಿದರು. ತಂಗಡಿ, ಕಾರೆ ಎಲ್ಲ ಚಟಪಟ ಉರಿದವು. ಉಳಿದ ಬೇರುಗಳನ್ನು ಕಬ್ಬಿಣದ ನೇಗಿಲು ಕಿತ್ತೆಸೆಯಿತು. ಹಳದಿ ಚಿಟ್ಟೆಗಳು ಕೆಲವು ದಿನ ಆ ಕರಿ ನೆಲದ ಮೇಲೆ ಅತ್ತಿತ್ತ ಹಾರಾಡಿ, ಕೂಡುವುದಕ್ಕೆ ಒಂದು ಎಲೆ ಸಿಗದೆ ಎಲ್ಲಿಗೋ ಹೋದವು. ಎಲ್ಲಿಗೆ ಎಂದು ನನ್ನನ್ನು ಕೇಳಬೇಡಿ, ಹೋಗುವುದಕ್ಕೆ ಜಾಗವಿದ್ದವರ ವಿಷಯದಲ್ಲಿ ಮಾತ್ರ ಆ ಪ್ರಶ್ನೆಗೆ ಅರ್ಥವಿದೆ.

ಶೇಂಗಾ ಚೆನ್ನಾಗಿ ಬಂತು, ಸುಳ್ಳೇಕೆ ಹೇಳಲಿ. ಶೇಂಗಾದ ಹೂವು ತನ್ನ ಸಂಸಾರ ತಾನೇ ನೋಡಿಕೊಳ್ಳುತ್ತದೆ, ಜೋಳಕ್ಕೆ ಗಾಳಿ ಸಾಕು. ಗಂಡಸರ ಬೆಳೆಗೆ ಯಾವ ಕೊರತೆಯೂ ಆಗಲಿಲ್ಲ. ಕೊರತೆಯಾದದ್ದು ಬಳ್ಳಿಯ ಮಡಿಗೆ ಮತ್ತು ಅಂಚಿನ ಗುರೆಳ್ಳಿಗೆ, ಅಂದರೆ ಹೆಂಗಸರ ಪಾಲಿಗೆ, ಮತ್ತು ಆ ಪಾಲು ಯಾವ ಕಚೇರಿಯಲ್ಲೂ ಬೆಳೆಯೆನಿಸಿಕೊಳ್ಳುವುದಿಲ್ಲ. ಕಾಕುವಿನ ಬಳ್ಳಿ ಎಂದಿನಂತೆ ಹಬ್ಬಿತು, ಎಂದಿನಂತೆ ಹೂ ಬಿಟ್ಟಿತು. ಹೆಣ್ಣು ಹೂವಿನ ಬುಡದ ಎಳೆ ಮಿಡಿ ಮಾತ್ರ ಎರಡು ದಿನ ಇದ್ದು, ಹಳದಿಯಾಗಿ, ಮುಟ್ಟಿದರೆ ಉದುರುತ್ತಿತ್ತು. ಗೊಬ್ಬರ ಸಾಲದೆಂದು ಗೊಬ್ಬರ ಹಾಕಿದಳು, ದೃಷ್ಟಿಯಾಗಿದೆಯೆಂದು ನಿವಾಳಿಸಿದಳು, ಬೀಜ ಬದಲಿಸಿದಳು. ಕೈಗುಣ ಹೋಯಿತೆಂದು ಕಾಕಾ ಒಂದು ದಿನ ಊಟಕ್ಕೆ ಕೂತಾಗ ಅಂದರಂತೆ. ಆ ಮಾತಿಗೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಹೋದ ವಾರ ಕಾಕು ಬೆಟಗೇರಿಗೆ ಬಂದಿದ್ದಳು. ಬಹಳ ದಿನಗಳ ಮೇಲೆ ಕೈಯಲ್ಲಿ ಚೀಲವಿತ್ತು. "ನಮ್ಮ ಬಳ್ಳೀವು, ತಗೋರಿ" ಎಂದು ನನ್ನ ಹೆಂಡತಿಯ ಕೈಗೆ ಕೊಟ್ಟಳು. ಚೀಲದಲ್ಲಿದ್ದವು ಉದ್ದನೆಯ, ನುಣುಪು ಮೈಯ, ಬಿಳಿಚಿದ ಸೌತೆಕಾಯಿಗಳು. ಲಕ್ಷ್ಮೇಶ್ವರದ ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ಜಾತಿ. ಹೆಂಡತಿ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಕೋಸಂಬರಿ ಮಾಡಿ, ಕಾಕುವಿನ ಎದುರೇ ಎರಡೆರಡು ಸಲ ಬಡಿಸಿಕೊಂಡು, ಅದೇ ರುಚಿ, ಅದೇ ವಾಸನೆ ಎಂದು ಹೊಗಳಿ ಉಂಡೆವು. ಆ ಊಟದಷ್ಟು ಕಹಿಯಾದದ್ದನ್ನು ನಾನು ಉಂಡಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಬತ್ತಿ ಹಿಡಿದು ಹಿತ್ತಲಿನಲ್ಲಿದ್ದೆ. ಕಾಕು ಹಿಂದೆ ಬಂದು ನಿಂತದ್ದು ತಿಳಿಯಲಿಲ್ಲ. ಹಿತ್ತಲ ಮೂಲೆಯಲ್ಲಿ ನಾನು ಬೇಕೆಂದೇ ಬೆಳೆಯಬಿಟ್ಟ ಎಕ್ಕೆ, ತುಂಬೆಯ ಪೊದೆಯನ್ನು ಆಕೆ ಮೊದಲು ನೋಡಿದಳು. ಬೀದಿಯವರೆಲ್ಲ ಕಸವೆಂದು ತೆಗೆಸಲು ಹೇಳುವ, ಅಸುಂಡಿ ಹಾದಿಯಿಂದ ಬೀಜ ತಂದು ನಾನು ಉಳಿಸಿಕೊಂಡಿರುವ ಗಡಿಪಟ್ಟಿ ಅದು. ಹರಕು ಚಾಪೆಯಷ್ಟೇ ಅಗಲ.

"ಏನ್ ಮಾಡಾಕ ಹತ್ತೀಪಾ?" ಎಂದಳು. ಹೇಳಿದೆ, ತೋರಿಸಿದೆ. ಹೂವಿನ ಮೇಲೆ ಬಗ್ಗಿ ನೋಡಿದಳು.

"ನಿನ್ನಿ ಸೌತಿಕಾಯಿ ಸಂತ್ಯಾಗಿನವು. ನಿನಗ ಗೊತ್ತಾತು, ಹೌದಲ್ಲೋ?"

"ಹೌದು, ಕಾಕು."

ಆಕೆ ನನ್ನ ಕೈಯಿಂದ ಬತ್ತಿ ತೆಗೆದುಕೊಂಡಳು. ಗುಡಿಗೆಂದು ಜೀವಮಾನವಿಡೀ ಬತ್ತಿ ಹೊಸೆದ ಬೆರಳುಗಳು. ಒಂದು ಹೂವಿನಿಂದ ಇನ್ನೊಂದಕ್ಕೆ ನನಗಿಂತ ಹಗುರವಾಗಿ ಹೋದವು. ನಾಲ್ಕು ಹೂವು ಮುಟ್ಟಿ, ನಡು ಹಿಡಿದುಕೊಂಡು ನೆಟ್ಟಗಾದಳು.

"ನನ್ನ ಮಡ್ಯಾಗ ಬಳ್ಳಿ ತುಂಬ ಹೂವ ಅದಾವು. ಅವು ಎಷ್ಟ ಮಂದಿ ಬಂದು ಮಾಡ್ತಿದ್ವು, ನಾ ಒಬ್ಬಾಕಿ ಎಷ್ಟಂತ ಮಾಡ್ಲಿ?"

ನಾನು ಒಳಗೆ ಹೋಗಿ ಇನ್ನೊಂದು ಬತ್ತಿ ತಂದೆ. ಬಳ್ಳಿಯ ಈ ಕಡೆ ನಾನು, ಆ ಕಡೆ ಆಕೆ ಕೆಲಸ ಮಾಡಿದೆವು. ಪಕ್ಕದ ಮನೆಯವರು ಗೋಡೆಯ ಮೇಲಿಂದ ನೋಡಿ ನಗುತ್ತಲೇ ಇದ್ದರು. ಬಿಸಿಲೇರಿ ಹೂಗಳು ಮುದುಡಿದಾಗ ಇನ್ನೂ ಅರ್ಧ ಬಳ್ಳಿ ಉಳಿದಿತ್ತು.